ರಜೆಯಲ್ಲಿ ಮಕ್ಕಳ ಕೈಗೆ ಕೆಲಸ: ಕಣಿಕೆ ಬಂಡಿ, ಮಣ್ಣಿನ ಎತ್ತು, ಲೋಟದ ನೆರಳು

ಅಕ್ಕಾರೇ, ಕಲಬುರಗಿ ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಒಳಗಿದ್ದರೆ ಮೊಬೈಲ್ ಬಿಡುವುದಿಲ್ಲ ಅಂದಿದ್ದೀರಿ. ಐದು ಮತ್ತು ಒಂಬತ್ತು ವರ್ಷದ ಇಬ್ಬರಿಗೂ ಕ್ರಾಫ್ಟ್ ಕಿಟ್ ತರಿಸಲೇ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ. ಕಿಟ್‌ನಲ್ಲಿ ಎಲ್ಲ ಕತ್ತರಿಸಿಯೇ ಬಂದಿರುತ್ತದೆ, ಅಂಟಿಸಿದರೆ ಮುಗೀತು. ಮಾಡಿದ ವಸ್ತು ಉರುಳಬೇಕು, ತಿರುಗಬೇಕು, ಇಲ್ಲಾ ಏನಾದರೂ ತೋರಿಸಬೇಕು. ಶೋಕೇಸಿಗೆ ಹೋದದ್ದನ್ನು ಮಕ್ಕಳು ಮರುದಿನ ಮುಟ್ಟುವುದಿಲ್ಲ.

ಮೊದಲು ಕಣಿಕೆ, ಅಂದರೆ ಜೋಳದ ಒಣ ದಂಟಿನ ಬಂಡಿ ಮಾಡಿಸಿ. ಹಿಂಗಾರಿ ಜೋಳದ ರಾಶಿ ಮುಗಿದಿರುತ್ತದೆ, ಊರ ಕಡೆಯಿಂದ ದಪ್ಪನೆಯ ಒಣ ದಂಟು ನಾಲ್ಕಾರು ತರಿಸಿದರೆ ಸಾಕು. ಗಿಣ್ಣು ಬಿಟ್ಟು ತುಂಡು ಮಾಡಿ, ಮೇಲಿನ ಸಿಪ್ಪೆಯನ್ನು ಉದ್ದುದ್ದ ಸೀಳಿ. ಇದು ದೊಡ್ಡವರ ಕೆಲಸ, ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಒಳಗಿನ ಬೆಂಡು ಬಂಡಿಯ ಮೈ, ಸೀಳಿದ ಸಿಪ್ಪೆಯೇ ಮೊಳೆ. ಅಂಟು ಬೇಕಿಲ್ಲ. ಸಿಪ್ಪೆ ಬಾಗಬೇಕಿದ್ದರೆ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ. ಅಚ್ಚಿಗೆ ಕಸಬರಿಗೆ ಕಡ್ಡಿ, ಗಾಲಿಗೆ ಬಾಟಲಿ ಮುಚ್ಚಳ. ಗಾಲಿ ಅಚ್ಚಿಗೆ ಬಿಗಿಯಾಗಿರಲಿ, ಅಚ್ಚು ಮಾತ್ರ ತೂತಿನಲ್ಲಿ ಸಡಿಲವಾಗಿ ತಿರುಗಲಿ. ಬಂಡಿ ಓಡಿದ ಮೇಲೆ ಒಂದು ಬದಿಗೆ ಸಣ್ಣ ಮುಚ್ಚಳ ಹಾಕಿಸಿ ನೋಡಿ, ಬಂಡಿ ಆ ಕಡೆಗೇ ಹೊರಳುತ್ತದೆ. ಯಾಕೆ ಅಂತ ನೀವು ಹೇಳಬೇಡಿ, ದೊಡ್ಡವನೇ ತಲೆ ಕೆಡಿಸಿಕೊಳ್ಳಲಿ.

ಸಣ್ಣವಳಿಗೆ ಮಣ್ಣು ಕೊಡಿ. ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಜೂನ್ ಜುಲೈ ಹೊತ್ತಿಗೆ, ಆದರೆ ಎತ್ತು ಮಾಡಲು ಅಲ್ಲಿಯವರೆಗೆ ಕಾಯಬೇಕಾ? ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಾಗಾಗಿ ಬರೀ ಎರೆಯಲ್ಲಿ ಮಾಡಿದ ಎತ್ತಿನ ಕಾಲು ಬಿರುಕು ಬಿಡುತ್ತವೆ. ಮೂರು ಉಂಡೆ ಮಾಡಿಸಿ: ಒಂದು ಬರೀ ಎರೆ, ಒಂದಕ್ಕೆ ಸ್ವಲ್ಪ ಜರಡಿ ಹಿಡಿದ ಮರಳು, ಇನ್ನೊಂದಕ್ಕೆ ಜಾಸ್ತಿ ಮರಳು. ನೆರಳಲ್ಲೇ ಒಣಗಿಸಿ. ಮೊದಲನೆಯದು ಬಿರಿಯುತ್ತದೆ, ಮರಳು ಹೆಚ್ಚಾದದ್ದು ಉದುರುತ್ತದೆ. ಎತ್ತಿಗೆ ಯಾವ ಮಣ್ಣು ಅಂತ ಮಕ್ಕಳೇ ಹೇಳುತ್ತಾರೆ.

ಶೋಕೇಸ್ ಬೇಡ ಅಂದೆ, ಆದರೂ ಬೀದರ್ ಪಕ್ಕದಲ್ಲಿದ್ದು ಬಿದರಿ ಬಿಡೋಕಾಗಲ್ಲ ಅಲ್ವಾ? ಕಪ್ಪು ರಟ್ಟಿನಲ್ಲಿ ಹೂಬಳ್ಳಿ ಕೊರೆದು, ಹಿಂದಿನಿಂದ ಅಡುಗೆ ಫಾಯಿಲ್ ಅಂಟಿಸಿದರೆ ಆಯಿತು. ನಿಜವಾದ ಬಿದರಿಯಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪು ಕಲಸಿ ತಿಕ್ಕಿದರೆ ಆ ಮಿಶ್ರಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ರಟ್ಟು ಕೊರೆಯುವಾಗ ಇದನ್ನು ಹೇಳಿ, ಕಿವಿಗೊಟ್ಟು ಕೇಳುತ್ತಾರೆ.

ಇನ್ನೊಂದು, ಖರ್ಚೇ ಇಲ್ಲದ್ದು. ಮೇ 9ರ ಆಸುಪಾಸು ಕಲಬುರಗಿಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಯಾದಗಿರಿಯಲ್ಲಿ ಒಂದೆರಡು ದಿನ ಮೊದಲು, ಬೀದರ್‌ನಲ್ಲಿ ಒಂದೆರಡು ದಿನ ನಂತರ. ಮಾಳಿಗೆ ಮೇಲೆ ಸ್ಟೀಲ್ ಲೋಟ ಬೋರಲಿಟ್ಟು, ಸುಣ್ಣದ ಕಡ್ಡಿಯಿಂದ ಬೆಳಗ್ಗೆಯಿಂದ ಗಂಟೆಗೊಮ್ಮೆ ನೆರಳಿನ ತುದಿ ಗುರುತು ಮಾಡಿಸಿ. ನೆರಳು ಮಾಯವಾಗುವುದು ಹನ್ನೆರಡಕ್ಕಲ್ಲ, ಸುಮಾರು 12.20ಕ್ಕೆ. ನಮ್ಮ ಗಡಿಯಾರದ ಹೊತ್ತು ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ್ದು, ಅದಕ್ಕೇ ಈ ವ್ಯತ್ಯಾಸ. ಕಾಲಿಗೆ ಚಪ್ಪಲಿ, ತಲೆಗೆ ಟವೆಲ್ ಇರಲಿ, ಗುರುತು ಹಾಕಿ ಕೂಡಲೇ ಕೆಳಗಿಳಿಯಲಿ.

ಅಂಟಿಗೆ ಮೈದಾ ಗಂಜಿ ಕಾಯಿಸಿಕೊಳ್ಳಿ. ಕೆಡಬಾರದು ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ, ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಅಂದಂದಿಗೆ ಬೇಕಾದಷ್ಟೇ ಮಾಡಿದರಾಯಿತು. ಕಣಿಕೆಗೆ ಮಾತ್ರ ಈಗಲೇ ಊರಿಗೆ ಫೋನ್ ಮಾಡಿ. ದನಕ್ಕೆ ಅಂತ ಮಷೀನಿಗೆ ಹಾಕಿ ಕತ್ತರಿಸಿಬಿಟ್ಟರೆ ಬಂಡಿಗೆ ದಂಟು ಸಿಗುವುದಿಲ್ಲ.