ಸಂಪಾದಕರ ಉತ್ತರ: ತವರ ಗಡಸು ಮಾಡುತ್ತದೆಯೋ, ತಡೆಯುತ್ತದೆಯೋ?

ಶೇ. 4ರಷ್ಟು ತಾಮ್ರವಿರುವ ಅಲ್ಯೂಮಿನಿಯಂಗೆ ಶೇ. 0.05 ತವರ ಬೆರೆಸಿದರೆ ಅದು ಗಡಸಾಗುವುದು ನಿಧಾನವಾಗುತ್ತದೆ ಎಂದು ಕಳೆದ ಸಂಚಿಕೆಯ ಒಂದು ಪುಟದಲ್ಲಿದೆ, ಇನ್ನಷ್ಟು ಗಡಸಾಗುತ್ತದೆ ಎಂದು ಮರುಪುಟದಲ್ಲಿದೆ, “ಎರಡರಲ್ಲೊಂದು ಸುಳ್ಳಿರಬೇಕು. ಅಷ್ಟಕ್ಕೂ ಇಷ್ಟು ಅಲ್ಪ ತವರ ಏನು ತಾನೇ ಮಾಡೀತು?” ಎಂದು ಕೇಳಿದ್ದೀರಿ. ಎರಡೂ ನಿಜ. ಮೊದಲನೆಯದು ಕೋಣೆಯ ಉಷ್ಣತೆಯ ಮಾತು, ಎರಡನೆಯದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ಅದನ್ನು ಹೇಳದೆ ಬಿಟ್ಟದ್ದು ನಮ್ಮ ತಪ್ಪು.

ನಿಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಸೊಗಸಾಗಿದೆ. ತವರವನ್ನು ನೀವು ತಾಮ್ರದ ಪಕ್ಕದಲ್ಲಿಟ್ಟು ತೂಗಿದ್ದೀರಿ. ತೂಗಬೇಕಾದದ್ದು ಲೋಹದೊಳಗೆ ಪರಮಾಣುವಿಲ್ಲದ ಖಾಲಿ ಜಾಗಗಳ ಜೊತೆಗೆ. ಅಂಕಿಗಳ ಬಿಲ್ಲೆಗಳನ್ನು ಸರಿಸಿ ಜೋಡಿಸುವ ಆಟದಲ್ಲಿ ಒಂದು ಮನೆ ಖಾಲಿಯಿದ್ದರಷ್ಟೇ ಬಿಲ್ಲೆ ಕದಲುತ್ತದೆಯಲ್ಲವೇ? ಲೋಹದೊಳಗೆ ತಾಮ್ರದ ಪರಮಾಣು ಚಲಿಸುವುದೂ ಹಾಗೆಯೇ. 500 ಡಿಗ್ರಿ ದಾಟಿ ಕಾಯಿಸಿದ ಲೋಹದಲ್ಲಿ ಸುಮಾರು ಹತ್ತು ಸಾವಿರ ಸ್ಥಾನಗಳಿಗೆ ಒಂದು ಖಾಲಿಯಿರುತ್ತದೆ. ನೀರಿಗೆ ಅದ್ದಿ ಥಟ್ಟನೆ ತಣಿಸಿದಾಗ ಅವುಗಳಲ್ಲಿ ಬಹಳಷ್ಟು ಒಳಗೇ ಸಿಕ್ಕಿಕೊಳ್ಳುತ್ತವೆ. ಅವುಗಳ ನೆರವಿನಿಂದ ತಾಮ್ರದ ಪರಮಾಣುಗಳು ಗುಂಪುಗೂಡಿ ಲೋಹ ಗಡಸಾಗುತ್ತದೆ. ಈ ಗುಂಪುಗಳನ್ನು 1938ರಲ್ಲಿ ವಿಜ್ಞಾನಿಗಳಾದ ಗಿನಿಯೆ ಮತ್ತು ಪ್ರೆಸ್ಟನ್ ಪ್ರತ್ಯೇಕವಾಗಿ ಎಕ್ಸ್-ರೇ ಮೂಲಕ ಗುರುತಿಸಿದರು.

ಈಗ ಲೆಕ್ಕ ಹಾಕಿ: ತೂಕದಲ್ಲಿ ಶೇ. 0.05 ತವರವೆಂದರೆ ಪರಮಾಣುಗಳ ಎಣಿಕೆಯಲ್ಲಿ ಹೆಚ್ಚುಕಡಿಮೆ ಹತ್ತು ಸಾವಿರಕ್ಕೆ ಒಂದು! ಗಾತ್ರದಲ್ಲಿ ದೊಡ್ಡದಾದ ತವರದ ಪರಮಾಣು ಪಕ್ಕದ ಖಾಲಿ ಜಾಗವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಾಮ್ರ ನಿಂತಲ್ಲೇ ನಿಲ್ಲುತ್ತದೆ. ಕ್ಯಾಡ್ಮಿಯಂ, ಇಂಡಿಯಂ ಸಹ ಇದೇ ಕೆಲಸ ಮಾಡುತ್ತವೆ.

200 ಡಿಗ್ರಿಯಲ್ಲಿ ಆ ಹಿಡಿತ ಸಡಿಲವಾಗುತ್ತದೆ. ತವರ ತಾನೇ ಮೊದಲು ಅತಿಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂನ ತೆಳು ಬಿಲ್ಲೆಗಳು, ಅಂದರೆ ತೀಟಾ ಪ್ರೈಮ್ ಎನ್ನುವವು, ಆ ಕಣಗಳನ್ನು ಆಸರೆ ಮಾಡಿಕೊಂಡು ಹುಟ್ಟುತ್ತವೆ. ತವರವಿಲ್ಲದಿದ್ದರೆ ಅಲ್ಲೊಂದು ಇಲ್ಲೊಂದು ದಪ್ಪಗೆ ಬೆಳೆಯುತ್ತಿದ್ದ ಅವು ಈಗ ಸಣ್ಣದಾಗಿ, ಒತ್ತೊತ್ತಾಗಿ ಹರಡುತ್ತವೆ. ಲೋಹ ಬಾಗಲು ಹೊರಟಾಗ ಹೆಜ್ಜೆಗೊಂದು ಅಡ್ಡಿ.

ಹಾಗೆಂದು ತವರ ಹೆಚ್ಚು ಸುರಿಯುವಂತಿಲ್ಲ. ಕರಗದೆ ಉಳಿದದ್ದು 232 ಡಿಗ್ರಿಗೇ ದ್ರವವಾಗುತ್ತದೆ, ಬಿಸಿಯಲ್ಲಿ ಲಟ್ಟಿಸುವಾಗ ತಗಡು ಬಿರಿಯಬಹುದು. ನೀವು ಕೊನೆಯಲ್ಲಿ ಕೇಳಿರುವ, ಅಲ್ಯೂಮಿನಿಯಂ-ತಾಮ್ರದ ಮಿಶ್ರಲೋಹವಾದ ಡ್ಯೂರಾಲುಮಿನ್‌ಗೆ ಈ ಉತ್ತರವನ್ನು ಹಾಗೆಯೇ ಹೊಂದಿಸಬೇಡಿ: ಅದರಲ್ಲಿ ಮೆಗ್ನೀಸಿಯಂ ಇದೆ. ತವರ ಅದರೊಡನೆ ಸಂಯುಕ್ತವಾಗಿ ಸೇರಿಕೊಂಡರೆ ಖಾಲಿ ಜಾಗ ಹಿಡಿಯಲು ಉಳಿಯುವುದಿಲ್ಲ.