ಡ್ರೋನ್‌ಗಿಂತ ಸ್ವಯಂಚಾಲಿತ ಆಯುಧಗಳ ಬಗ್ಗೆ ಜಾಸ್ತಿ ಆಕ್ಷೇಪ ಯಾಕೆ?

ಕೊಲ್ಲುವ ತೀರ್ಮಾನ ಯಾರದ್ದು ಅನ್ನುವುದೇ ವ್ಯತ್ಯಾಸ. ಡ್ರೋನ್ ಎಷ್ಟೇ ದೂರ ಹಾರಲಿ, ಕ್ಷಿಪಣಿ ಬಿಡುವವನು ಪರದೆಯ ಮುಂದೆ ಕೂತ ಮನುಷ್ಯ. ಸ್ವಯಂಚಾಲಿತ ಆಯುಧ ಹಾಗಲ್ಲ. ಒಮ್ಮೆ ಬಿಟ್ಟ ಮೇಲೆ ಸೆನ್ಸರ್‌ಗೆ ಕಂಡ ಆಕಾರ, ಶಾಖ, ಚಲನೆ ಮೊದಲೇ ತುಂಬಿಸಿದ ಮಾದರಿಗೆ ಹೊಂದಿದರೆ ಸಾಕು, ತಾನೇ ಹೊಡೆಯುತ್ತದೆ.

ತೊಂದರೆ ಇರುವುದು ಇಲ್ಲೇ. ಶರಣಾದವನನ್ನು, ಗಾಯಗೊಂಡು ಬಿದ್ದವನನ್ನು ಕೊಲ್ಲಬಾರದು ಅನ್ನುತ್ತದೆ ಯುದ್ಧದ ಕಾನೂನು. ಕೈ ಎತ್ತಿದವನು ಶರಣಾಗುತ್ತಿದ್ದಾನೋ, ಏನಾದರೂ ಎಸೆಯುತ್ತಿದ್ದಾನೋ? ಅದನ್ನು ಸಂದರ್ಭ ನೋಡಿ ತಿಳಿಯಬೇಕು, ಬರೀ ಆಕಾರ ನೋಡಿ ಆಗಲ್ಲ, ಅಲ್ವಾ?

ಹಾಗಂತ ಮನುಷ್ಯ ತಪ್ಪೇ ಮಾಡಲ್ಲ ಅಂತಲ್ಲ. 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಅಮೆರಿಕದ ಡ್ರೋನ್ ದಾಳಿ 7 ಮಕ್ಕಳೂ ಸೇರಿ 10 ನಾಗರಿಕರನ್ನು ಕೊಂದಿತು. ಕಾರಿಗೆ ತುಂಬಿದ್ದ ನೀರಿನ ಕ್ಯಾನ್‌ಗಳನ್ನು ಸ್ಫೋಟಕ ಅಂದುಕೊಂಡಿದ್ದರು. ಯಾರಿಗೂ ಶಿಕ್ಷೆಯಾಗಲಿಲ್ಲ, ಅದು ಬೇರೆ ಮಾತು. ಆದರೂ ಯಾರು ಏನು ನೋಡಿ ಒಪ್ಪಿಗೆ ಕೊಟ್ಟರು ಅಂತ ಕೇಳಲು ಅಲ್ಲಿ ಮನುಷ್ಯರಿದ್ದರು. ಯಂತ್ರವೇ ತೀರ್ಮಾನಿಸಿದರೆ ಕಮಾಂಡರ್ ಸಾಫ್ಟ್‌ವೇರ್ ಬರೆದವರತ್ತ ಬೆರಳು ತೋರಿಸುತ್ತಾನೆ, ಅವರು ಕಮಾಂಡರ್‌ನತ್ತ.

ಮನುಷ್ಯರನ್ನೇ ಗುರಿಯಾಗಿಸುವ ಇಂಥ ಆಯುಧಗಳನ್ನು ನಿಷೇಧಿಸಿ ಅಂತ ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ 2021ರಲ್ಲೇ ಕೇಳಿದ್ದು ಇದಕ್ಕೇ.