ನಾಯಿ ಮರಿಯನ್ನು ಟ್ರೈನರ್ ಹತ್ತಿರ ಒಂದು ತಿಂಗಳು ಬಿಟ್ಟು ಬರಬಹುದಾ?

ಆರು ತಿಂಗಳ ಲ್ಯಾಬ್ರಡಾರ್ ಮರಿ ಬಂದವರ ಮೈಮೇಲೆಲ್ಲ ಹಾರುತ್ತದೆ, ಟ್ರೈನರ್ ಒಬ್ಬರು ತಿಂಗಳು ಬಿಟ್ಟು ಹೋಗಿ ಅನ್ನುತ್ತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಟ್ಟು ಬರಬೇಡಿ. ನಿಮ್ಮ ಕಣ್ಣೆದುರೇ ಕಲಿಸುತ್ತೇನೆ ಅನ್ನುವವರು ಸಿಕ್ಕರೆ ನಂಬಿ.

ನಾನು ಹಾಗೆ ಬಿಟ್ಟು ಬಂದವನು. ತಿಂಗಳಾದ ಮೇಲೆ ನಮ್ಮ ರಾಜ ಮನೆಗೆ ಬಂದ. ಕೂರು ಅಂದರೆ ಕೂರುತ್ತಿದ್ದ, ಏಳು ಅಂದರೆ ಏಳುತ್ತಿದ್ದ. ಅಪ್ಪನಿಗೆ ಖುಷಿಯೋ ಖುಷಿ. ಮಾರನೇ ದಿನ ಬೆಳಿಗ್ಗೆ ಅಮ್ಮ ಗೇಟಿನ ಬೀಗ ತೆಗೆದರು, ಸರಪಳಿ ಝಣ್ ಅಂತು. ಅಷ್ಟಕ್ಕೇ ರಾಜ ಮೈ ಮುದುರಿಕೊಂಡು, ಬಾಲವನ್ನು ಹೊಟ್ಟೆಯಡಿ ಸೇರಿಸಿ, ನಿಂತಲ್ಲೇ ಉಚ್ಚೆ ಹೊಯ್ದುಬಿಟ್ಟ. ಕತ್ತಿನ ಸುತ್ತ ಕೈಯಾಡಿಸಿದೆ. ಬೆರಳಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಎಳೆದರೆ ಕತ್ತಿಗೆ ಬಿಗಿಯುವ ಸರಪಳಿ, ಚೋಕ್ ಚೈನ್, ಎಳೆದೆಳೆದು ಸವೆದಿತ್ತು. ಟ್ರೈನರ್‌ಗೆ ಫೋನ್ ಮಾಡಿದರೆ, "ಯಜಮಾನ ಯಾರು ಅಂತ ನಾಯಿಗೆ ಗೊತ್ತಾಗಬೇಕಲ್ವಾ ಸಾರ್" ಅಂದರು.

ಈ ಯಜಮಾನಿಕೆಯ ಮಾತು ಹುಟ್ಟಿದ್ದು ತೋಳಗಳಿಂದ. ಕೂಡಿಹಾಕಿದ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಕಾದಾಡುತ್ತವೆ ಅಂತ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಬರೆದದ್ದು. 'ಆಲ್ಫಾ', ಅಂದರೆ ಗುಂಪಿನ ಯಜಮಾನ, ಅನ್ನುವ ಮಾತನ್ನು ಜನರ ಬಾಯಿಗೆ ತಂದವರಲ್ಲಿ ಒಬ್ಬರಾದ ತೋಳಗಳ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಆದರೂ ಆ ಹಳೆ ಮಾತು ಹಿಡಿದುಕೊಂಡು ಇವತ್ತಿಗೂ ಮರಿಗಳ ಕತ್ತು ಎಳೆಯುತ್ತಿದ್ದಾರೆ. ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ದೇಶದಲ್ಲಿ ಮನೆ ನಾಯಿಗೆ ಕಲಿಸಲು ಯಾವ ಲೈಸೆನ್ಸೂ ಬೇಕಿಲ್ಲ. ಪ್ರಾಣಿಗಳನ್ನು ಹೊಡೆದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ನಿಜ. ಮೊದಲ ಸಲಕ್ಕೆ ಅದರಲ್ಲಿರುವ ದಂಡ 10ರಿಂದ 50 ರೂಪಾಯಿ. ಹಾಗಾಗಿ ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟ್ ನೋಡಿ ಸುಮ್ನೆ ಒಪ್ಪಬೇಡಿ. ಮರಿಯನ್ನು ಮನೆಯಲ್ಲೇ ಬಿಟ್ಟು, ಅವರು ಬೇರೆ ನಾಯಿಗೆ ಕಲಿಸುವುದನ್ನು ಒಂದು ಗಂಟೆ ಕೂತು ನೋಡಿ. ಟ್ರೈನರ್ ಹತ್ತಿರ ಬಂದಾಗ ಆ ನಾಯಿಯ ಬಾಲ, ಕಿವಿ ಏನು ಮಾಡುತ್ತವೆ ಗಮನಿಸಿ. ನೋಡೋಕೆ ಬಿಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಹೇಳಿದ್ದು ಕೇಳದಿದ್ದಾಗ ಏನು ಮಾಡುತ್ತೀರಿ ಅಂತಲೂ ಕೇಳಿ.

ಒಳ್ಳೆಯವರೂ ಇದ್ದಾರೆ. ಆಮೇಲೆ ನಮಗೆ ಸಿಕ್ಕ ಮೇಡಂ ಮನೆಗೇ ಬರುತ್ತಿದ್ದರು. ರಾಜನಿಗಿಂತ ಜಾಸ್ತಿ ನಮಗೇ ಕಲಿಸಿದರು. ಸರಪಳಿಯನ್ನು ಟವೆಲಿನಲ್ಲಿ ಸುತ್ತಿ, ದೂರದಲ್ಲಿ ಮೆಲ್ಲಗೆ ಅಲ್ಲಾಡಿಸೋದು, ಅದೇ ಹೊತ್ತಿಗೆ ಬೇಯಿಸಿದ ಕೋಳಿಯ ಒಂದು ಚೂರು ಕೊಡೋದು. ದಿನಕ್ಕೆ ಐದೇ ನಿಮಿಷ. ಟವೆಲ್ ಪೂರ್ತಿ ಬಿಚ್ಚುವ ಹೊತ್ತಿಗೆ ಮೂರು ತಿಂಗಳಾಗಿತ್ತು.

ನಿಮ್ಮ ಮರಿ ಹಾರುವುದಕ್ಕೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ. ಅದು ಹಾರಿದಾಗ ಮನೆಯವರೆಲ್ಲ ಮುಖ ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುದ್ದು ಮಾಡಿ, ತಿನ್ನಲು ಕೊಡಿ. ಟ್ರೈನರ್ ಸಿಗುವ ತನಕ ಇವತ್ತಿನಿಂದಲೇ ಶುರು ಮಾಡಬಹುದು.